ನಾನೇ ಆರಿಸಿಕೊಂಡ ಪಿಸ್ತೂಲು

ಯಪ್ಪಾ,

ಇಲ್ಲಿ ಎಲ್ಲರೂ ಆರಾಮ ಎಂದು ಬರೆದು ಮುಂದಿನ ಸುದ್ದಿಗೆ ಹೋಗಬೇಕು. ಕಾಗದ ಬರೆಯುವ ರೀತಿ ಅದು ಎಂದು ನೀನೇ ಕಲಿಸಿದ್ದೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ಇನ್ನು ನಿನ್ನ ಆರಾಮ ಕೇಳಿದರೆ ಈ ಮನೆಯವರು ನನಗೆ ಹುಚ್ಚು ಹಿಡಿದಿದೆ ಅಂತಾರೆ, ಈಗಲೂ ಹೆಚ್ಚುಕಡಿಮೆ ಅದನ್ನೇ ಅನ್ನುತ್ತಿದ್ದಾರೆ. ನೀನು ಹೋದ ಇಷ್ಟು ವರ್ಷಗಳಲ್ಲಿ ಒಂದು ಸಾಲೂ ಬರೆಯದವಳು ಇವತ್ತು ಮಾನವಿಯ ಗಂಡನ ಮನೆಯ ಈ ಪಡಸಾಲೆಯಲ್ಲಿ ಕಾಗದ ಹಿಡಿದು ಕೂತಿದ್ದೇನೆ. ನಾನೊಂದು ಕೆಲಸ ಮಾಡಿದೆ. ಆವತ್ತಿನಿಂದ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಯಾರಿಗಾದರೂ ಹೇಳಬೇಕಲ್ಲ?

ಗೂಗಲ್ ಊರಿನ ಹೊಳೆದಂಡೆ ನಿನಗೆ ನೆನಪಿದೆಯೇ? ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಸೇಂಗಾ ಹೊಲಕ್ಕೆ ಹಂದಿ ನುಗ್ಗುತ್ತವೆಂದು ನೀನು ಜೋಡುನಳಿಗೆ ಬಂದೂಕು ಹೆಗಲಿಗೇರಿಸಿ ಹೊರಟಾಗ ನಾನೂ ಬೆನ್ನು ಹತ್ತಿದ್ದೆ. ಹಂದಿ ಒಂದೂ ಕಾಣಲಿಲ್ಲ. ಸುಮ್ಮನೆ ಮರಳುವ ಬದಲು ಕೃಷ್ಣೆಯ ಬಂಡೆಯ ಮೇಲೆ ಒಂದು ಒಡಕು ಗಡಿಗೆ ಇಟ್ಟು ಬಂದೂಕನ್ನು ನನ್ನ ಕೈಗೆ ಕೊಟ್ಟೆ. ಮೊದಲ ಗುಂಡಿಗೆ ನಾನು ಮರಳಿನ ಮೇಲೆ ಕುಂಡಿಯೂರಿ ಬಿದ್ದೆ, ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಲೇ, ಬಂದೂಕು ನಿನಗ ಒದ್ದಿಲ್ಲ. ನೀನ ಹೆದರಿ ಹಿಂದ ಸರದಿ," ಅಂದೆ. ಎರಡನೆಯದಕ್ಕೆ ಗಡಿಗೆ ಚೂರುಚೂರು. ಪಕ್ಕದ ಹೊಲದವನು ಓಡಿ ಬಂದು, "ಗೌಡ್ರ, ಹೆಣ್ಣಹುಡುಗಿ ಕೈಯಾಗ ಬಂದೂಕ ಕೊಡತೀರೇನ್ರಿ?" ಎಂದು ಬಾಯಿ ಬಡಿದುಕೊಂಡ. ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಆಕಿ ಕೈ ನಡುಗಂಗಿಲ್ಲೋ. ನನ್ನ ಕೈ ನಡುಗತಾವ." ಹೊಲದ ದಾರಿಯಲ್ಲಿ ಮರಳುವಾಗ, "ಇದು ನಿನಗ ಭಾರ ಆಗ್ತದ. ಡಿಗ್ರಿ ಮುಗೀಲಿ, ನಿನ್ನ ಕೈಯಳತಿಗೆ ಹೊಂದೂವಂಥಾ ಒಂದು ಪಿಸ್ತೂಲು ಕೊಡಸ್ತೀನಿ. ನೀನ ಆರಿಸ್ಕೋ," ಅಂದೆ. ಬೇರೆಯವರ ಅಪ್ಪಂದಿರು ಬಂಗಾರದ ಸರ ಕೊಡಿಸುವ ಮಾತಾಡುತ್ತಿದ್ದರು. ನನ್ನ ಅಪ್ಪ ಬೇರೆ ಎಂದು ನಾನು ಎಷ್ಟು ಮೆರೆದೆ ಅಂತೀ.

ನಾನು ರಾಯಚೂರಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಕಾ ಹಾಸ್ಟೆಲಿನ ಗೇಟಿಗೆ ಬಂದು ನಿಂತ. ನಿನಗೆ ಎದೆನೋವು ಬಂದಿದೆ ಅಂದ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಎದೆನೋವು ಅನ್ನುತ್ತಲೇ ಇದ್ದ. ದೇವದುರ್ಗದ ನಮ್ಮ ಓಣಿಯ ತಿರುವಿನಲ್ಲಿ ಸಾವಿಗೆ ಬಾರಿಸುವ ಹಲಗೆಯ ಸಪ್ಪಳ ಕೇಳಿದ ಮೇಲೆ ಎದೆನೋವಿನ ಮಾತು ಬಿಟ್ಟ. ನಿನ್ನ ದಿನಕರ್ಮ ಮುಗಿಯುತ್ತಲೇ ಜೋಡುನಳಿಗೆ ಠಾಣೆಗೆ ಹೋಯಿತು, ಕೆಲವು ತಿಂಗಳಲ್ಲಿ ಕಾಕಾನ ಹೆಸರಿಗೆ ಹೊರಬಂತು. "ಗಂಡಸರ ವಸ್ತು ಗಂಡಸರ ಮನ್ಯಾಗ ಇರ್ಲಿ," ಅಂದ. ಮನೆಯಲ್ಲಿ ಉಳಿದವರು ನಾನು ಮತ್ತು ಅವ್ವ. ಕಾಕಾ ಕೂಗು ಹಾಕದೆ ಒಳಗೆ ಬರತೊಡಗಿದ. ನಮ್ಮ ಹೊಲದಲ್ಲಿ ಏನು ಬಿತ್ತಬೇಕೆಂದು ನಮ್ಮ ಅಡಿಗೆಮನೆಯಲ್ಲೇ ನಿಂತು ಹೇಳತೊಡಗಿದ. ಆಗ ನಾನು ಏನು ಮಾಡಬಹುದಿತ್ತು, ಹೇಳು?

ಪಾಸಾದ ಸುದ್ದಿ ಬಂದ ದಿನ ಗೆಳತಿಯರೆಲ್ಲ ಕೈಗಡಿಯಾರ, ಸೀರೆ ಎಂದು ಲೆಕ್ಕ ಹಾಕುತ್ತಿದ್ದರು. ನಾನು ಕಲೆಕ್ಟರ್ ಆಫೀಸಿಗೆ ಹೋಗಿ ಲೈಸೆನ್ಸಿಗೆ ಅರ್ಜಿ ಕೊಟ್ಟೆ. ಅರ್ಜಿ ತಗೊಂಡವನು ಮುಖ ನೋಡಿ, "ಮದಿವಿ ಆಗ್ರಿ ಅಕ್ಕಾರ, ಆಮ್ಯಾಲ ಪಿಸ್ತೂಲು ಬೇಕಾಗಂಗಿಲ್ಲ," ಅಂದ. ಬಹಳ ದಿನ ಓಡಾಡಿಸಿ ಕೊನೆಗೆ ದೊಡ್ಡ ಅಧಿಕಾರಿಯ ಎದುರು ಕೂಡಿಸಿದರು. ಯಾರಿಂದ ಜೀವಕ್ಕೆ ಅಪಾಯವಿದೆ, ಹೆಸರು ಹೇಳಿ ಎಂದು ಅವರು ಕೇಳಿದರು. "ಮನ್ಯಾಗ ಇಬ್ಬರ ಹೆಣ್ಮಕ್ಕಳ ಇದ್ದೀವ್ರಿ, ಹೊಲ ಅದ. ಹೆಸರು ಹೇಳಿದ್ರ ಅಪಾಯ ಇನ್ನೂ ಜಾಸ್ತಿ ಆಗ್ತದ್ರಿ," ಅಂದೆ. ಅವರಿಗೆ ನಗು ಬಂತು. ನಕ್ಕವರೇ ರುಜು ಹಾಕಿದರು. ನಿನ್ನ ಮಗಳ ಬಾಯಿ ಆಗಿನ್ನೂ ಗಟ್ಟಿಯಿತ್ತು, ಯಪ್ಪಾ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ಬಂದೂಕು ಮಾರುವ ಒಂದು ಸಣ್ಣ ಅಂಗಡಿಗೆ ಒಬ್ಬಳೇ ಹೋದೆ. ಬಿಳಿಗಡ್ಡದ ಸಾಹೇಬರು ಕೂತಿದ್ದರು. "ಯಾರಿಗೆ ಬೇಟಿ? ಅಬ್ಬಾಗ ಏನು, ಭಾಯಿಗ ಏನು?" ಎಂದು ಕೇಳಿದರು. ನನಗೇ ಅಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಹೊರದೇಶದ ಹೊಸ ಮಾಲು ಬರುವುದು ನಿಂತು ಎಷ್ಟೋ ಕಾಲವಾಗಿತ್ತಲ್ಲ, ಅಂಗಡಿಯಲ್ಲಿ ಇದ್ದದ್ದೆಲ್ಲ ಯಾರದೋ ಮನೆಯಲ್ಲಿ ಇದ್ದು ಬಂದದ್ದು. ಹಸಿರು ಬಟ್ಟೆಯ ಮೇಲೆ ಮೂರು ಇಟ್ಟರು. ಮೊದಲನೆಯದು ದೊಡ್ಡದು, ಎತ್ತಿದರೆ ಮಣಿಕಟ್ಟು ಸೋಲುತ್ತಿತ್ತು. ಎರಡನೆಯದು ಬೆಳ್ಳಗೆ ಹೊಳೆಯುವ ಬೆಲ್ಜಿಯಂ ಪಿಸ್ತೂಲು. ನನಗೆ ಆಸೆಯಾದದ್ದು ನಿಜ. ಸಾಹೇಬರು ತಾವೇ ಅದನ್ನು ಹಿಂದಕ್ಕೆ ಸರಿಸಿ, "ಇದು ಬರೇ ದಿಖಾವಾ ಬೇಟಿ, ನೋಡಾಕ ಚಂದ, ಗುಂಡು ನಡುವ ಸಿಕ್ಕೊಂತದ," ಅಂದರು. ಮೂರನೆಯದು ಕಪ್ಪಗಿನ ಸಣ್ಣ ರಿವಾಲ್ವರ್. ಕಟ್ಟಿಗೆಯ ಹಿಡಿಕೆ ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಕೈಗೆ ತಗೊಂಡೆ. ಬಳೆಗಾರ ಕೈ ಒತ್ತಿ ನೋಡಿ ಸರಿಯಾದ ಬಳೆ ಏರಿಸಿದ ಹಾಗೆ ಕೂತಿತು. ನೀನು ಕಲಿಸಿದಂತೆ ಅದರ ಬಾಯಿ ನೆಲಕ್ಕೆ ಮಾಡಿ, ಗುಂಡಿನ ಗಾಲಿ ಬಿಚ್ಚಿ, ಆರೂ ಮನೆ ಖಾಲಿ ಇವೆಯೇ ನೋಡಿ, ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದೆ. "ಕೌನ್ ಸಿಖಾಯಾ? ಯಾರು ಕಲಿಸಿದ್ರು?" ಅಂದರು. ನಮ್ಮಪ್ಪ ಅಂದೆ. "ಅವರಿಗ ನನ್ನ ಸಲಾಂ ಹೇಳು," ಎಂದರು. ನೀನಿಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಹೇಳ್ತೀನ್ರಿ ಅಂದೆ. ಈಗ ಹೇಳುತ್ತಿದ್ದೇನೆ, ತಗೋ.

ಬಸ್ಸಿನಲ್ಲಿ ಬಟ್ಟೆ ಸುತ್ತಿದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಲ್ಮಲ ದಾಟುವಾಗ ಕಂಡಕ್ಟರ್, "ಏನ್ರವ್ವಾ, ಅಷ್ಟ ಜ್ವಾಪಾನ ಮಾಡಾಕತ್ತೀರಿ, ಬಂಗಾರೇನು?" ಎಂದು ಕೇಳಿದ. ಹೌದು ಅಂದೆ. ಮನೆಯಲ್ಲಿ ಅವ್ವ ಗಂಟು ಬಿಚ್ಚಿ ನೋಡಿ, "ಸೀರಿ ತರ್ತೀ ಅನ್ಕೊಂಡಿದ್ದೆ, ಸಾವು ತಂದಿಯಲ್ಲೇ!" ಎಂದು ಅತ್ತಳು. ಆದರೆ ದಸರೆಯ ಖಂಡೇಪೂಜೆಯ ದಿನ ಅವಳೇ ಅದನ್ನು ಮಣೆಯ ಮೇಲೆ ಕುಡುಗೋಲು, ಕೊಡಲಿಗಳ ನಡುವೆ ಇಟ್ಟು ಕುಂಕುಮ ಹಚ್ಚಿದಳು. ಆ ಹಬ್ಬದ ಮೇಲೆ ಕಾಕಾ ಹೊರಗೆ ನಿಂತು ಕೂಗಿ, ನಾವು ಬಾ ಅಂದ ಮೇಲೆ ಒಳಗೆ ಬರತೊಡಗಿದ. ಒಂದು ವರ್ಷ, ಯಪ್ಪಾ, ಒಂದೇ ವರ್ಷ ನಾನು ನಾನಾಗಿದ್ದೆ. ಅದಕ್ಕಿಂತ ಹೆಚ್ಚು ಕೇಳಿದ್ದೆನೇ?

ಅವ್ವನಿಗೆ ಕೆಮ್ಮು ಶುರುವಾದ ವರ್ಷ ಮಾನವಿಯಿಂದ ಸಂಬಂಧ ಬಂತು. ಕಾಲುವೆ ನೀರಿನ ಗದ್ದೆಯುಳ್ಳ ಮನೆ, ಹುಡುಗ ಮೆತ್ತಗಿನವನು. ಅವ್ವ ಕಣ್ಣು ಮುಚ್ಚುವ ಮೊದಲು ನನ್ನನ್ನು ದಡ ಸೇರಿಸಬೇಕೆಂದಳು, ನಾನು ಹೂಂ ಅಂದೆ. ಮದುವೆಯ ಮರುದಿನ ಬಳುವಳಿಯ ಮಂಚ, ಹಂಡೆ, ಕೊಡಗಳನ್ನು ಪಡಸಾಲೆಯಲ್ಲಿ ಹರಡಿದ್ದರಲ್ಲ, ನನ್ನ ಟ್ರಂಕಿನಿಂದ ಪಿಸ್ತೂಲನ್ನೂ ತೆಗೆದು ಅವುಗಳ ಜೊತೆಗೇ ಇಟ್ಟರು. ಊರೆಲ್ಲ ಬಂದು ನೋಡಿತು. "ಸೊಸಿ ಪಿಸ್ತೂಲ ತಂದಾಳ!" ಎಂದು ಮಾವ ಮೀಸೆ ತಿರುವಿದರು. ಅದು ನಾನೇ ನನಗೆ ಕೊಟ್ಟುಕೊಂಡದ್ದು, ನನ್ನ ಡಿಗ್ರಿಯದು ಎಂದೆ. ಅವರು ಸಿಟ್ಟಾಗಲಿಲ್ಲ, ಪ್ರೀತಿಯಿಂದಲೇ ಹೇಳಿದರು: "ಹುಚ್ಚಿ, ಸೊಸಿದು ಬ್ಯಾರೆ, ಮನಿದು ಬ್ಯಾರೆ ಇರ್ತದೇನ?" ತಿಜೋರಿಯ ಕೀಲಿ ಅವರ ಉಡಿದಾರಕ್ಕೆ ಸೇರಿತು. ಗಂಡನನ್ನು ಕೇಳಿದರೆ, "ಇರ್ಲಿ ಬಿಡು, ಎಲ್ಲಿದ್ರೇನು," ಅಂದ. ಆ ವರ್ಷದ ಖಂಡೇಪೂಜೆಯಲ್ಲಿ ನಾನು ಬಟ್ಟೆ, ಎಣ್ಣೆ ತಂದು ಒರೆಸಲು ಕೂತರೆ ಅತ್ತೆ ಕೈ ಹಿಡಿದರು. "ಆರತಿ ಎತ್ತು. ಮುಟ್ಟಬ್ಯಾಡ, ಹೆಣ್ಮಕ್ಕಳು ಆಯುಧ ಮುಟ್ಟಬಾರದು." ನನ್ನ ವಸ್ತುವಿಗೆ ನಾನೇ ದೂರದಿಂದ ಆರತಿ ಎತ್ತಿದೆ. ಹಿಡಿಕೆಯ ಸಂದಿಯಲ್ಲಿ ತುಕ್ಕು ಕಾಣುತ್ತಿತ್ತು, ಯಾರಿಗೆ ಹೇಳುವುದು...

ಮೊದಲ ಸಲ ಚುನಾವಣೆ ಘೋಷಣೆಯಾದಾಗ ಪೊಲೀಸಪ್ಪ ಮನೆಗೆ ಬಂದ. ಚುನಾವಣೆ ಬಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕಲ್ಲ. ಮಾವ ಪಿಸ್ತೂಲು ತೆಗೆದುಕೊಂಡು ಹೊರಟರೆ ಅವನು ಅಡ್ಡ ನಿಂತ. "ನೀವಲ್ರಿ ಗೌಡ್ರ. ಲೈಸೆನ್ಸ್ ಅವ್ವಾರ ಹೆಸರಿಲೆ ಅದ. ಅವರ ಕೈಲೇ ತರಬೇಕು, ಅವರ ಸಹಿ ಮಾಡಬೇಕು." ಹಾಗೆ ಅದು ನನ್ನ ಕೈಗೆ ಬಂತು. ಸೆರಗಿನಡಿಯಲ್ಲಿ ಹಿಡಿದು ಸಂತೆಬಯಲು ದಾಟಿ ಠಾಣೆಯವರೆಗೆ ನಡೆದೆ, ಮೈದುನ ಹಿಂದಿನಿಂದ ಕಾವಲಿಗೆ. ಮತ ಎಣಿಕೆ ಮುಗಿದ ಮೇಲೆ ಹಾಗೆಯೇ ನಡೆದು ವಾಪಸ್ಸು ತಂದೆ. ಹೊಸಿಲು ದಾಟುತ್ತಲೇ ಮಾವ ಕೈ ಚಾಚಿದರು. ಆ ಮೂರ್ನಾಲ್ಕು ವರ್ಷ ಚುನಾವಣೆಗಳು ಒಂದರ ಬೆನ್ನಿಗೊಂದು ಬಂದವು. ಯಾವ ಪಕ್ಷ ಗೆದ್ದರೂ ನನಗೇನು? ಸರಕಾರ ಬೀಳಲಿ ಎಂದು ದೇವರಿಗೆ ಹರಕೆ ಹೊತ್ತ ಹೆಂಗಸು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಗಬೇಡ.

ಹೋದ ಬೇಸಿಗೆಯಲ್ಲಿ ಅಕ್ಕಿ ಹಸನು ಮಾಡಲು ಬರುವ ಹನುಮವ್ವ ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಕಾಲುವೆಯ ಕೊನೆಯಲ್ಲಿ ಒಂದು ತುಂಡು ಹೊಲವಿದೆ. ಮೇಲಿನ ಗದ್ದೆಯವರು, ಅಂದರೆ ನಮ್ಮ ಮನೆಯವರು, ತೂಬು ಬಿಟ್ಟರೆ ಮಾತ್ರ ಅಲ್ಲಿಗೆ ನೀರು. ಏನು ಅಂದೆ. "ಯವ್ವಾ, ಸಿಟ್ಟ ಮಾಡಬ್ಯಾಡ್ರಿ. ನಿನ್ನೆ ನನ್ನ ಗಂಡ ತೂಬಿನ ಕಡಿಗೆ ಹೋಗಿದ್ದ. ನಿಮ್ಮ ಮೈದುನ, ಸಣ್ಣ ಗೌಡ್ರು, ಅವನ ಎದಿಗೆ ಪಿಸ್ತೂಲ ಇಟ್ಟರು. ಮನಿಗೆ ಬಂದಾವ ಇನ್ನೂ ನಡುಗಾಕತ್ತಾನ, ಹೊದ್ಕೊಂಡ ಮಕ್ಕೊಂಡಾನ." ಆಮೇಲೆ ಕೇಳಿದಳು: "ಆ ಪಿಸ್ತೂಲು ನಿಮ್ದಂತಲ್ರಿ?" ಮದುವೆಯಾದ ಮೇಲೆ ಅದನ್ನು ನನ್ನದು ಎಂದು ಬಾಯಿಬಿಟ್ಟು ಅಂದವಳು ಅವಳೊಬ್ಬಳೇ. ಹೌದವ್ವಾ, ನನ್ನದು ಅಂದೆ. ನನಗೆ ನಾಚಿಕೆಯಾಯಿತು. ಮಾವನಿಗೆ ಹೇಳಿದರೆ, "ಗುಂಡ ಹಾರಿಸಿಲ್ಲಲ್ಲ, ಬರೇ ತೋರಿಸ್ಯಾನ," ಎಂದು ನಕ್ಕರು. ಗಂಡ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಹಂದಿಗೂ ಸುಮ್ಮನೆ ಗುರಿಯಿಡಬಾರದು ಎಂದು ಬೈಯುತ್ತಿದ್ದ ನೀನು ಅಲ್ಲಿದ್ದಿದ್ದರೆ...

ಈ ಸಲದ ಚುನಾವಣೆಗೆ ಮತ್ತೆ ನಾನೇ ಒಯ್ದು ಜಮಾ ಮಾಡಿದೆ. ಎಣಿಕೆ ಮುಗಿಯಿತು, ಗೆದ್ದವರು ಗುಲಾಲು ಎರಚಿದರು, ಊರಿನ ಬಂದೂಕುಗಳೆಲ್ಲ ಒಂದೊಂದಾಗಿ ಮನೆ ಸೇರಿದವು. ಮಾವ, "ನಡಿ, ತರೋಣ," ಎಂದರು. ನಾನು ಬರಲ್ಲ ಅಂದೆ. ಮೈಯಾಗ ಆರಾಮಿಲ್ಲೇನು ಎಂದು ಕೇಳಿದರು. ಆರಾಮದೀನಿ, ಬರಂಗಿಲ್ಲ ಅಂದೆ. ಮೈದುನ ತಾನೇ ಹೋಗಿ ಬರಿಗೈಯಲ್ಲಿ ಬಂದ. ಅವ್ವಾರ ಖುದ್ದು ಬರಬೇಕು ಎಂದು ಠಾಣೆಯವರು ಅಂದರಂತೆ. ಗಂಡ ಮೊದಲ ಸಲ ದನಿ ಎತ್ತಿದ. "ನನ್ನ ಹೆಸರಿಗರ ಮಾಡಸ್ತೀನಿ, ಒಪ್ಪಿಗೀ ಬರದಕೊಡು." ಅದಕ್ಕೂ ಇಲ್ಲ ಅಂದೆ. ಹಾಗಾದರೆ ತವರಿಗೆ ಹೋಗು ಎಂದರು ಅತ್ತೆ. ಯಾವ ತವರು? ಅವ್ವ ನನ್ನ ಮದುವೆಯಾದ ವರ್ಷವೇ ತೀರಿಹೋದಳು, ಈಗ ನೀನಿರುವಲ್ಲಿಗೇ ಬಂದಿರಬೇಕು. ದೇವದುರ್ಗದ ಮನೆಯಲ್ಲಿ ಕಾಕಾನ ಮಗ ಸಂಸಾರ ಹೂಡಿದ್ದಾನೆ.

ಇದರಿಂದ ಏನಾದರೂ ಒಳ್ಳೆಯದಾಯಿತೇ ಎಂದು ನೀನು ಕೇಳುತ್ತೀ. ಇಲ್ಲ. ಮೈದುನ ಈಗ ಕೊಡಲಿ ಹಿಡಿದು ತೂಬಿನ ಹತ್ತಿರ ಕೂರುತ್ತಾನೆ. ಕೆಳಗಿನ ಹೊಲಗಳಿಗೆ ನೀರು ಹೋಗಲಿಲ್ಲ. ಹನುಮವ್ವ ಗಂಡನ ಜೊತೆ ದುಡಿಯಲು ಊರು ಬಿಟ್ಟು ಹೋದಳು, ಹೋಗುವಾಗ ನನಗೆ ಹೇಳಿ ಹೋಗಲಿಲ್ಲ. ಮಾವನಿಗೆ ದೊಡ್ಡವರ ಪರಿಚಯವಿದೆ, ಇವತ್ತಲ್ಲ ನಾಳೆ ಹೇಗಾದರೂ ಬಿಡಿಸಿಕೊಳ್ಳುತ್ತಾರೆ ಎಂಬುದೂ ಗೊತ್ತು. ಅಲ್ಲಿಯವರೆಗೆ ಅದು ಠಾಣೆಯಲ್ಲೇ ಇರುತ್ತದೆ, ಅದಕ್ಕೆ ಎಣ್ಣೆ ಹಾಕುವವರು ಯಾರೂ ಇಲ್ಲ. ಕಾಯ್ದೆಯ ಪ್ರಕಾರ ನನ್ನ ಸಹಿ ಇಲ್ಲದೆ ಅದು ಹೊರಬರುವುದಿಲ್ಲ, ನಾನು ಸಹಿ ಮಾಡುವುದಿಲ್ಲ. ಇದೊಂದು ಮಾತು ನಿನಗೆ ಕೊಡುತ್ತೇನೆ. ನೀನು ಆರಿಸಿಕೋ ಎಂದಿದ್ದೆ, ನಾನು ಆರಿಸಿಕೊಂಡೆ. ಈಗ ಅದನ್ನು ಯಾರ ಕೈಗೂ ಸಿಗದ ಕಡೆ ಇಟ್ಟಿದ್ದೇನೆ, ಯಪ್ಪಾ. ನನ್ನ ಕೈಗೂ.

ನಿನ್ನ ಮಗಳು