ಅರಿಷ್ಟದ ಬಾಟ್ಲಿಯಲ್ಲಿ ಬಂದ ಆ್ಯಸಿಡ್

ಮಾನ್ಯ ಬ್ಲಾಕ್ ಅಧಿಕಾರಿಗಳೇ,

ತಮ್ಮ ಕಚೇರಿ ಕಳಿಸಿದ ಬ್ಯಾಟರಿ ಆ್ಯಸಿಡ್ ಕುಡಿದು ನನ್ನ ಅಮ್ಮ ದುಗ್ಗಮ್ಮ ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಗಂಟಲು ಸುಟ್ಟು ಗಂಜಿತಿಳಿ ಸಹ ಇಳಿಯುವುದಿಲ್ಲ. ಹೀಗಿರುವಾಗ ನಿನ್ನೆ ಜವಾನನ ಕೈಯಲ್ಲಿ ಇನ್ನೊಂದು ಬಾಟ್ಲಿ ಕಳಿಸಿದ್ದೀರಿ. ತಮ್ಮ ದಯೆ ದೊಡ್ಡದು.

ಊರಿನ ರೇಡಿಯೋ ನನ್ನ ಜಗಲಿಯಲ್ಲಿರಲಿ ಎಂದವರು ತಾವು. ಕರೆಂಟಿಲ್ಲದ ಐವರ್ನಾಡಿನಲ್ಲಿ ಅದು ಮಾತಾಡಬೇಕಾದರೆ ಬ್ಯಾಟರಿ ಬೇಕು, ಬ್ಯಾಟರಿಗೆ ಆ್ಯಸಿಡ್ ಬೇಕು, ಸರಿ. ಆದರೆ ಅದನ್ನು ಆಯುರ್ವೇದ ಮದ್ದಿನ ಖಾಲಿ ಅರಿಷ್ಟದ ಬಾಟ್ಲಿಗೆ ತುಂಬಿಸಿ, ಒಂದು ಚೀಟಿ ಸಹ ಅಂಟಿಸದೆ ಬಸ್ಸಿನಲ್ಲಿ ಕೊಟ್ಟು ಕಳಿಸುದಾ? ಸುಬ್ರಹ್ಮಣ್ಯಕ್ಕೆ ಹೋದ ನೆಂಟರು ನಮಗೆ ತೀರ್ಥ ಕಳಿಸುದು ಅದೇ ಬಸ್ಸಿನಲ್ಲಿ, ಅಂಥದೇ ಬಾಟ್ಲಿಯಲ್ಲಿ. ನಾನು ಗದ್ದೆಯಲ್ಲಿದ್ದೆ. ಹೆಂಡತಿ ಪೂವಮ್ಮ ಭಕ್ತಿಯಿಂದ ತೆಗೆದುಕೊಂಡು ದೇವರ ಮಣೆಯಲ್ಲಿಟ್ಟಳು. ಅಮ್ಮ ಮಿಂದು ಬಂದು ಅಂಗೈಗೆ ಹೊಯ್ದು ಬಾಯಿಗೆ ಹಾಕಿಕೊಂಡರು. ಬಣ್ಣವಿಲ್ಲ, ವಾಸನೆಯಿಲ್ಲ, ಹೇಗೆ ತಿಳಿಯಬೇಕು ಸ್ವಾಮಿ? ಬೊಬ್ಬೆ ಕೇಳಿ ನಾನು ಗದ್ದೆಯಿಂದ ಓಡಿ ಬಂದೆ. ನಾವು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದೆವು, ಕೈಗೆ ತೆಂಗಿನೆಣ್ಣೆ ಹಚ್ಚಿದೆವು. ವಾಂತಿ ಮಾಡಿಸಲೇಬಾರದಂತೆ, ಬರುವಾಗ ಇನ್ನೊಮ್ಮೆ ಸುಡುತ್ತದಂತೆ. ಚರ್ಮಕ್ಕೆ ತಾಗಿದರೆ ನೀರು ಹೊಯ್ಯುತ್ತಲೇ ಇರಬೇಕಂತೆ. ಡಾಕ್ಟರು ಬೈದ ಮೇಲೆ ಗೊತ್ತಾಯಿತು. ಅಷ್ಟನ್ನು ತಾವು ಮೊದಲೇ ಹೇಳಿದ್ದರೆ ತಮ್ಮ ನಾಲಿಗೆ ಸುಡುತ್ತಿತ್ತೇ?

ಈಗ ಪೂವಮ್ಮ ಆಸ್ಪತ್ರೆಯಲ್ಲಿ. ಮನೆಯಲ್ಲಿ ನಾನು, ಸಿಕ್ಕಿದ್ದಕ್ಕೆಲ್ಲ ಕೈ ಹಾಕುವ ಅಂಬೆಗಾಲಿನ ಮಗಳು, ಮತ್ತು ತಮ್ಮ ಹೊಸ ಬಾಟ್ಲಿ. ತೋಡಿನ ನೀರಿಗೆ ಚೆಲ್ಲಿದರೆ ಕೆಳಗೆ ದನ ಕುಡಿಯುತ್ತದೆ. ಹೂತರೆ ಬಾವಿಗೆ ಇಳಿಯುತ್ತದೋ ಏನೋ. ಮಾಡಿನ ಜಂತಿಗೆ ಕಟ್ಟಿದೆ, ಬೆಕ್ಕು ದೂಡಿದರೆ ಅಂತ ಪುನಃ ಇಳಿಸಿದೆ. "ಸರ್ಕಾರಿ ಸೊತ್ತು, ಚೆಲ್ಲಿದರೆ ಸಾಹೇಬರು ಕೇಳ್ತಾರೆ" ಅಂತ ಜವಾನ ಬೇರೆ ಹೆದರಿಸಿ ಹೋಗಿದ್ದಾನೆ. ಬಸ್ಸಿನಲ್ಲಿ ವಾಪಸು ಕಳಿಸುವ ಅಂದರೆ ಕಂಡಕ್ಟರ್ ಇಬ್ರಾಹಿಂ ಎರಡೂ ಕೈ ಮುಗಿದ: "ಗೊತ್ತಿಲ್ಲದೆ ಒಮ್ಮೆ ಮಡಿಲಲ್ಲಿಟ್ಟು ತಂದೆ ಕುಕ್ಕಪ್ಪಣ್ಣ, ಇನ್ನು ಬೇಡ ಮಾರಾಯ್ರೆ. ನಿಮ್ಮ ಸಾಹೇಬರಿಗೆ ಜೀಪು ಉಂಟಲ್ಲ, ಅವರ ಮಡಿಲಲ್ಲೇ ಕೂತು ಹೋಗ್ಲಿ!"

ಮಗಳನ್ನೆತ್ತಿಕೊಂಡು ಹೊರಟುಬಿಡುವ ಅಂದರೆ ಬೀಗವಿಲ್ಲದ ಮನೆ. ರೇಡಿಯೋ ಕೇಳಲು ಬಂದವರು ಬಾಯಾರಿ ಅದನ್ನೇ ಎತ್ತಿದರೆ?

ತಿಳಿದವರನ್ನು ಕಳಿಸಿ ಇದನ್ನು ಕೊಂಡುಹೋಗಿ. ಮುಂದೆ ಯಾರ ಮನೆಗೆ ಕಳಿಸುವುದಿದ್ದರೂ ಕೆಂಪಕ್ಷರದಲ್ಲಿ ವಿಷ ಎಂದು ಬರೆಯಿರಿ, ಓದಲು ಬಾರದವರಿಗಾಗಿ ತಲೆಬುರುಡೆ ಬಿಡಿಸಿ, ಮುಟ್ಟುವುದು ಹೇಗೆಂದು ಬಾಯಿಯಲ್ಲಿ ಹೇಳಿ. ನನ್ನ ಅಮ್ಮ ಮಾತು ಬಾರದೆ ಕೈಸನ್ನೆಯಲ್ಲಿ ಮಗ ಎಲ್ಲಿ ಎಂದು ಕೇಳುತ್ತಿದ್ದಾರಂತೆ. ಬೇಗ ಬನ್ನಿ ಸ್ವಾಮಿ. ನನಗೆ ಪುತ್ತೂರಿಗೆ ಹೋಗಬೇಕು.

ಇಂತಿ,
ತಮ್ಮ ಬಾಟ್ಲಿಯ ಕಾವಲಿಗೆ ಕೂತಿರುವ
ಕುಕ್ಕಪ್ಪ ಗೌಡ