ಇಲ್ಲದ ಥರ್ಮಾಮೀಟರ್

ಮೇ ೧೮, ಭಾನುವಾರ ಬೆಳಿಗ್ಗೆ

ನನ್ನ ಚಿನ್ನೂ,

ನಿನ್ನ ಕಾಗದ ಗುರುವಾರವೇ ಕೈ ಸೇರಿತು. ನಾಲ್ಕು ಪುಟಗಳಲ್ಲಿ ಎರಡೂವರೆ ಪುಟ ಬೇಸಿಗೆ ಕೋರ್ಸಿನ ಹಾಸ್ಟೆಲ್ ಊಟದ ಮೇಲಿನ ದೂರು, ಅರ್ಧ ಪುಟ ಫೋನ್ ಕಿತ್ತಿಟ್ಟುಕೊಂಡವರಿಗೆ ಹಾಕಿದ ಶಾಪ. ಒಂದು ತಿಂಗಳು ಫೋನಿಲ್ಲದಿದ್ದರೆ ಪ್ರಾಣವೇನೂ ಹೋಗುವುದಿಲ್ಲ. ನಿನ್ನ ಅಕ್ಷರ ಇಷ್ಟು ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಎಂದು ನನಗೆ ತಿಳಿದದ್ದೇ ಅವರ ಪುಣ್ಯದಿಂದ. ನಿಮ್ಮಪ್ಪ ಮಾತ್ರ ಅದನ್ನು ಮೂರು ಸಲ ಓದಿ, ಬಟ್ಟೆ ಸೋಪು ಮುಗಿದಿದೆ ಎನ್ನುವ ಸಾಲಿಗೆ ಬಂದಾಗ ಕಣ್ಣು ಒದ್ದೆ ಮಾಡಿಕೊಂಡರು. ಸೋಪು ಬೇರೆ ಪಾರ್ಸೆಲ್‌ನಲ್ಲಿ ಬರುತ್ತದೆ, ಆರು ಇಟ್ಟಿದ್ದಾರೆ.

ಇನ್ನು ಉಳಿದ ಒಂದು ಪುಟಕ್ಕೆ ಬರುತ್ತೇನೆ, ಅದರ ಜೊತೆ ನೀನು ಮಡಿಸಿ ಇಟ್ಟಿದ್ದ ಫಾರಂಗೂ ಬರುತ್ತೇನೆ. ಪ್ರಯೋಗದ ಜೋಡಿ ಬದಲಾಯಿಸಲು ಮನವಿ, ಕೆಳಗೆ ಪೋಷಕರ ಸಹಿ.

ನಿನ್ನ ಜೊತೆಗಾತಿಗೆ ಆಮೆ ಎಂದು ಹೆಸರಿಟ್ಟಿದ್ದೀಯ. ಮೊಳಕೆಯೊಡೆದ ಬೀಜಗಳನ್ನು ಎಣಿಸುವಾಗ ಒಂದೊಂದು ತಟ್ಟೆಯನ್ನೂ ಮೂರು ಸಲ ಎಣಿಸುತ್ತಾಳೆ, ಬೇರು ಅಳೆದದ್ದನ್ನೇ ಮತ್ತೆ ಅಳೆಯುತ್ತಾಳೆ, ಅವಳ ದೆಸೆಯಿಂದ ದಿನಾ ನೀವಿಬ್ಬರೇ ಕೊನೆಗೆ ಕ್ಯಾಂಟೀನಿಗೆ ಹೋಗಿ ತಣ್ಣಗಾದದ್ದನ್ನು ತಿನ್ನಬೇಕು, ಉಳಿದವರೆಲ್ಲ ನಗುತ್ತಾರೆ. ಫಾರಂ ಕೊಟ್ಟರೆ ನಿನ್ನನ್ನು ಬೇರೆ ಜೋಡಿಯ ಜೊತೆ ಸೇರಿಸುತ್ತಾರೆ. ಅವಳಿಗೆ ಇನ್ನೊಬ್ಬರು ಸಿಗದಿದ್ದರೆ ಮನೆಗೆ ಹೋಗಬೇಕಾಗುತ್ತದಂತೆ, ಆದರೆ ಅದು ನನ್ನ ತಲೆನೋವಲ್ಲವಲ್ಲ ಎಂದು ಬರೆದು ಪಕ್ಕದಲ್ಲಿ ನಗುವ ಮುಖ ಬಿಡಿಸಿದ್ದೀಯ.

ಆ ನಗುವ ಮುಖ ನೋಡಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಹೆದರಬೇಡ, ಬಯ್ಯುವುದಕ್ಕೆ ಬರೆಯುತ್ತಿಲ್ಲ. ನಿನಗೆ ಬಯ್ಯುವ ಯೋಗ್ಯತೆ ಈ ಒಂದು ವಿಷಯದಲ್ಲಿ ನನಗಿಲ್ಲ. ಏಕೆ ಇಲ್ಲ ಎಂದು ಹೇಳುವುದಕ್ಕೇ ಇವತ್ತು ಅಡುಗೆಮನೆಯನ್ನು ನಿಮ್ಮಪ್ಪನಿಗೆ ಒಪ್ಪಿಸಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಹೊರಗಿನಿಂದ ಸೀದ ವಾಸನೆ ಬರುತ್ತಿದೆ. ಬರಲಿ.

ನಿನ್ನ ವಯಸ್ಸಿನಲ್ಲಿ ನಾನೂ ಅದೇ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಬೇಸಿಗೆ ಕೋರ್ಸು ಮಾಡಿದ್ದು ನಿನಗೆ ಗೊತ್ತು. ನೀನು ಅರ್ಜಿ ಹಾಕುವಾಗ ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟು ಇಳಿಸಿ, ಧೂಳು ಒರೆಸಿ, ಜಂಬ ಕೊಚ್ಚಿಕೊಂಡೆನಲ್ಲ. ನನಗೊಬ್ಬಳು ಜೊತೆಗಾತಿ ಇದ್ದಳು ಎಂದು ಮಾತ್ರ ಹೇಳಲಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ.

ನಾವು ಹವಾಮಾನದ ಕೋರ್ಸಿನವರು, ಇಪ್ಪತ್ತನಾಲ್ಕು ಮಕ್ಕಳು, ಹನ್ನೆರಡು ಜೋಡಿ. ಭೂಗೋಳ ವಿಭಾಗದ ಹಿಂದಿನ ಹುಲ್ಲುಹಾಸಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆಗಳಿದ್ದವು, ಜೋಡಿಗೊಂದು. ಒಳಗೆ ಎರಡು ಥರ್ಮಾಮೀಟರ್. ಒಂದು ಸಾಮಾನ್ಯದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಿತ್ತು. ಎರಡರ ವ್ಯತ್ಯಾಸದಿಂದ ಗಾಳಿಯ ತೇವ ಲೆಕ್ಕ ಹಾಕಬೇಕು. ದಿನಾ ಬೆಳಿಗ್ಗೆ ಏಳೂವರೆಗೆ ಜೋಡಿಯಲ್ಲಿ ಒಬ್ಬರು ಓದಬೇಕು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಬರೆಯಬೇಕು. ಓದಿದವರು ಯಾರು, ಬರೆದವರು ಯಾರು ಎನ್ನುವುದಕ್ಕೆ ಎರಡು ಕಾಲಂ, ಕೊನೆಯಲ್ಲಿ ಇಬ್ಬರ ಸಹಿ. ಪೆನ್ಸಿಲು ಕೂಡದು, ರಬ್ಬರು ಕೂಡದು. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ತಪ್ಪೂ ಓದುವ ಹಾಗೆ ಉಳಿದಿರಬೇಕು ಎಂದು ಪ್ರೊಫೆಸರ್ ಮೊದಲ ದಿನವೇ ಹೇಳಿದ್ದರು. ಬೀಜ ಎಣಿಸುವವರಿಗೂ ಈ ನಿಯಮ ಇರಬೇಕು, ನೋಡು.

ನನ್ನ ಜೊತೆಗಾತಿಯನ್ನು ಎಲ್ಲರೂ ಇನ್ನೊಂದ್ಸಲ ಎಂದು ಕರೆಯುತ್ತಿದ್ದರು. ಒಮ್ಮೆ ಓದಿದ ಮೇಲೆ ಕಣ್ಣು ಮುಚ್ಚಿ ತೆರೆದು, ಇನ್ನೊಂದ್ಸಲ ನೋಡೋಣ ಅನ್ನೋಳು. ಎರಡು ಸಲವೂ ಒಂದೇ ಅಂಕಿ ಬಂದರೂ ಮೂರನೆಯದು ಬೇಕು. ನಾನು ಹುಲ್ಲಿನಲ್ಲಿ ಕಾಲು ಬದಲಾಯಿಸುತ್ತ, ಆಕಳಿಸುತ್ತ, ಕ್ಯಾಂಟೀನಿನ ಕಡೆ ಓಡುವವರನ್ನು ನೋಡುತ್ತ ನಿಂತಿರುತ್ತಿದ್ದೆ. ಅವಳಪ್ಪ ಬಸ್ ಡ್ರೈವರ್. ಆ ಮನೆಯಿಂದ ಯೂನಿವರ್ಸಿಟಿಯ ಗೇಟು ದಾಟಿ ಒಳಗೆ ಬಂದವಳು ಅವಳೇ ಮೊದಲು. ಕೋರ್ಸು ಚೆನ್ನಾಗಿ ಮುಗಿಸಿದವರಿಗೆ ಪ್ರೊಫೆಸರ್ ಒಂದು ಪತ್ರ ಕೊಡುತ್ತಿದ್ದರು. ಅದಿದ್ದರೆ ಮುಂದೆ ಅಲ್ಲೇ ಡಿಗ್ರಿಗೆ ಸೀಟು. ಅವಳು ಆ ಪತ್ರದ ಕನಸು ಕಾಣುತ್ತಿದ್ದಳು, ಬಾಯಿ ಬಿಟ್ಟು ಹೇಳುತ್ತಲೂ ಇದ್ದಳು. ನನಗೂ ಅದು ಬೇಕಿತ್ತು, ಆದರೆ ನಾನು ಹೇಳುತ್ತಿರಲಿಲ್ಲ.

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ ಎಂದುಕೊಳ್ಳಬೇಡ. ತುಂಬಾ ಇಷ್ಟವಿತ್ತು. ಕೋಣೆಯಲ್ಲಿ ಇಬ್ಬರೂ ಒಂದೇ ಬಾಚಣಿಗೆ ಬಳಸುತ್ತಿದ್ದೆವು. ನಾನು ಏಳುವುದಿಲ್ಲ ಎಂದು ಅವಳ ಕೀಲಿ ಕೊಡುವ ಗಡಿಯಾರವನ್ನು ನನ್ನ ದಿಂಬಿನ ಪಕ್ಕ ಇಡುತ್ತಿದ್ದಳು. ಅದು ಬಡಿದರೂ ಏಳದಿದ್ದರೆ ಒದ್ದೆ ಕೈ ತಂದು ನನ್ನ ಕೆನ್ನೆಗೆ ಒತ್ತುತ್ತಿದ್ದಳು.

ಮೂರನೆಯ ವಾರ ಅವಳಿಗೆ ಜ್ವರ ಬಂತು. ಇವತ್ತೊಂದಿನ ನೀನೇ ಓದಿ ಬರ್ಕೊಂಡು ಬಾ, ನಾನು ಸಹಿ ಹಾಕ್ತೀನಿ ಅಂದಳು. ನಾನು ಎದ್ದೆ, ಮುಖ ತೊಳೆದೆ, ಮೆಟ್ಟಿಲವರೆಗೆ ಹೋದೆ. ಹೊರಗೆ ಸಣ್ಣಗೆ ಹನಿಯುತ್ತಿತ್ತು. ಮೆಟ್ಟಿಲ ಮೇಲೇ ಕೂತು ಹಿಂದಿನ ದಿನದ ಅಂಕಿಗಳನ್ನು ನೋಡಿ, ಒಂದಕ್ಕೆ ಸ್ವಲ್ಪ ಸೇರಿಸಿ, ಇನ್ನೊಂದರಿಂದ ಸ್ವಲ್ಪ ಕಳೆದು ಬರೆದುಬಿಟ್ಟೆ. ಹಾಗೇ ಕ್ಯಾಂಟೀನಿಗೆ ಹೋಗಿ ಮೂರು ವಾರದಲ್ಲಿ ಮೊದಲ ಸಲ ಬಿಸಿ ಬಿಸಿ ಟೀ ಕುಡಿದೆ. ವಾಪಸ್ ಬಂದು ರಿಜಿಸ್ಟರು ಕೊಟ್ಟಾಗ ಅವಳು ಮಲಗಿದ್ದಲ್ಲಿಂದಲೇ ಸಹಿ ಹಾಕಿದಳು. ಪ್ರತಿಯೊಂದನ್ನೂ ಮೂರು ಸಲ ನೋಡುವವಳು ಅವತ್ತು ಒಂದು ಸಲವೂ ನೋಡಲಿಲ್ಲ, ಏಕೆಂದರೆ ಬರೆದವಳು ನಾನು. ಎಂದಿನ ಅಭ್ಯಾಸದಂತೆ ಓದಿದವರು ಎಂಬ ಕಾಲಂನಲ್ಲಿ ಅವಳ ಹೆಸರು, ಬರೆದವರು ಎಂಬಲ್ಲಿ ನನ್ನ ಹೆಸರು ಹಾಕಿದೆ.

ನಮ್ಮ ಪೆಟ್ಟಿಗೆಯ ಒದ್ದೆ ಬಟ್ಟೆಯ ಥರ್ಮಾಮೀಟರ್ ಬಿರುಕು ಬಿಟ್ಟಿದೆ ಎಂದು ಉಪಕರಣ ರಿಪೇರಿಯವರು ಹಿಂದಿನ ದಿನ ಸಂಜೆಯೇ ಅದನ್ನು ಬಿಚ್ಚಿಕೊಂಡು ಹೋಗಿದ್ದರು. ಕೊಕ್ಕೆ ಖಾಲಿ ಇತ್ತು. ಪೆಟ್ಟಿಗೆಯ ಬಾಗಿಲು ತೆರೆದ ಯಾರಿಗಾದರೂ ಕಾಣುತ್ತಿತ್ತು.

ಹತ್ತು ಗಂಟೆಯ ತರಗತಿಗೆ ಅವಳು ಜ್ವರದಲ್ಲೂ ಬಂದು ಕೂತಿದ್ದಳು. ಪ್ರೊಫೆಸರ್ ರಿಜಿಸ್ಟರು ತಿರುವಿ, ಓದಿದವರ ಕಾಲಂ ಮೇಲೆ ಬೆರಳಿಟ್ಟು, ಅವಳನ್ನು ಎಬ್ಬಿಸಿ ನಿಲ್ಲಿಸಿ, ಇಲ್ಲದ ಥರ್ಮಾಮೀಟರನ್ನ ಹೇಗಮ್ಮಾ ಓದಿದೆ ಅಂತ ಕೇಳಿದರು. ತರಗತಿ ಗೊಳ್ ಎಂದಿತು. ಇನ್ನೊಂದ್ಸಲ ಓದಿದ್ಲೇನೋ ಸರ್ ಎಂದು ಹಿಂದಿನಿಂದ ಯಾರೋ ಅಂದರು. ಅವಳು ನನ್ನ ಕಡೆ ನೋಡಿದಳು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ. ಅವಳು ತುಂಬಾ ಹೊತ್ತು ಕಾದಳು, ಚಿನ್ನೂ. ಆಮೇಲೆ ಮೆಲ್ಲಗೆ, ತಪ್ಪಾಯ್ತು ಸರ್, ಸಹಿ ಹಾಕೋ ಮೊದಲು ಇನ್ನೊಂದ್ಸಲ ನೋಡ್ಬೇಕಿತ್ತು ಅಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೊಬ್ಬಳಿಗೇ ಅದು ಅರ್ಥವಾಯಿತು.

ಪ್ರೊಫೆಸರ್ ಗದರಿಸಿ ಅಷ್ಟಕ್ಕೇ ಬಿಡುತ್ತಿದ್ದರೇನೋ. ಬಿಡದ ಹಾಗೆ ಮಾಡಿದವಳು ನಾನು. ಅವಳ ಜೊತೆ ಒಂದೇ ಕೋಣೆಯಲ್ಲಿ, ಒಂದೇ ಪೆಟ್ಟಿಗೆಯ ಮುಂದೆ ನಿಲ್ಲಲು ನನಗೆ ಆಗಲಿಲ್ಲ. ಅವಳು ಬೈದಿದ್ದರೆ, ಜಗಳವಾಡಿದ್ದರೆ, ಇರುತ್ತಿದ್ದೆನೋ ಏನೋ. ಅವಳು ಕೋಣೆಗೆ ಬಂದು ಮಾತ್ರೆ ನುಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಆಫೀಸಿಗೆ ಹೋಗಿ, ನೀನು ಕಳಿಸಿದ್ದೀಯಲ್ಲ, ಅದೇ ಫಾರಂ ತಂದೆ. ಆಗ ಪೋಷಕರ ಸಹಿ ಬೇಕಿರಲಿಲ್ಲ, ಕಾರಣ ಬರೆದರೆ ಸಾಕಿತ್ತು. ಜೊತೆಗಾತಿಯ ಮೇಲೆ ನಂಬಿಕೆ ಇಲ್ಲ ಎಂದು ಬರೆದೆ. ನನ್ನನ್ನು ಬೇರೆ ಜೋಡಿಗೆ ಮೂರನೆಯವಳಾಗಿ ಸೇರಿಸಿದರು. ಇಲ್ಲದ್ದನ್ನು ಓದುವವಳ ಜೊತೆ ಸೇರಲು ಯಾರೂ ಒಪ್ಪಲಿಲ್ಲ. ಎರಡು ಸಹಿ ಇಲ್ಲದೆ ಪ್ರಯೋಗವಿಲ್ಲ. ಕೋರ್ಸು ಮುಗಿಯಲು ಹತ್ತು ದಿನ ಇರುವಾಗ ಅವಳನ್ನು ಮನೆಗೆ ಕಳಿಸಿದರು.

ಅವಳಪ್ಪ ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದರು. ಹಾಸ್ಟೆಲ್ ಗೇಟಿನಲ್ಲಿ ಅವಳ ಟ್ರಂಕನ್ನು ಹೆಗಲಿಗೆ ಏರಿಸಿಕೊಂಡು, ಇಷ್ಟು ದಿನ ನೀನು ನಮ್ಮ ಹುಡುಗೀನ ಜೊತೆಗಿದ್ದು ನೋಡ್ಕೊಂಡೆ, ದೊಡ್ಡ ಉಪಕಾರ ಆಯ್ತಮ್ಮ ಅಂದರು. ಅವಳು ಏನೂ ಹೇಳಿರಲಿಲ್ಲ, ಮನೆಯವರಿಗೂ ಹೇಳಿರಲಿಲ್ಲ. ಅವರು ನನಗೆ ಕೈ ಮುಗಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ, ನೆಲವೂ, ನಾನೂ.

ಕೋಣೆಗೆ ಹೋದಾಗ ನನ್ನ ದಿಂಬಿನ ಪಕ್ಕದಲ್ಲಿ ಗಡಿಯಾರ ಇತ್ತು. ಮರೆತು ಹೋದಳು ಎಂದುಕೊಂಡೆ. ಏಳೂ ಕಾಲಿಗೆ ಅಲಾರಂ ಇಟ್ಟು, ಪೂರ್ತಿ ಕೀಲಿ ಕೊಟ್ಟು ಹೋಗಿದ್ದಳು.

ಅದೇ ಗಡಿಯಾರ ಈಗ ನಿನ್ನ ಹಾಸಿಗೆಯ ಪಕ್ಕದಲ್ಲಿದೆ. ಹಳೇ ಡಬ್ಬ, ರಾತ್ರಿಯೆಲ್ಲ ಟಿಕ್ ಟಿಕ್ ಎಂದು ತಲೆ ತಿನ್ನುತ್ತದೆ ಎಂದು ಬರೆದಿದ್ದೀಯಲ್ಲ, ಅದು. ಏಕೆ ಬಿಸಾಡುವುದಿಲ್ಲ ಎಂದು ನೀನು ಕೇಳಿದಾಗಲೆಲ್ಲ ಏನೋ ಒಂದು ಸಬೂಬು ಹೇಳಿದ್ದೇನೆ. ನಿನ್ನ ಜೊತೆ ಅದನ್ನು ಅಲ್ಲಿಗೇ ಏಕೆ ಕಳಿಸಿದೆ ಎನ್ನುವುದಕ್ಕೆ ನನ್ನ ಹತ್ತಿರ ಸಬೂಬೂ ಇಲ್ಲ.

ಪ್ರೊಫೆಸರರ ಪತ್ರ ನನಗೆ ಸಿಕ್ಕಿತು. ಅದರಿಂದ ಡಿಗ್ರಿ, ಡಿಗ್ರಿಯಿಂದ ನೀರು ಪರೀಕ್ಷೆಯ ಲ್ಯಾಬಿನ ಕೆಲಸ. ಇಪ್ಪತ್ತೆರಡು ವರ್ಷದಿಂದ ಜನ ಬಾಟಲಿಯಲ್ಲಿ ತರುವ ನೀರನ್ನು ನೋಡಿ ಕುಡಿಯಬಹುದು, ಕುಡಿಯಬಾರದು ಎಂದು ಸಹಿ ಹಾಕುತ್ತಿದ್ದೇನೆ. ಮೂರು ಸಲ ನೋಡದೆ ಮೇಡಂ ಸಹಿ ಹಾಕಲ್ಲ ಎಂದು ಲ್ಯಾಬಿನವರು ಬೆನ್ನ ಹಿಂದೆ ಗೊಣಗುವುದು ನನಗೆ ಗೊತ್ತು. ಎಲ್ಲಿ ಕಲಿತಿರಿ ಈ ಶಿಸ್ತು ಎಂದು ಒಬ್ಬರು ಕೇಳಿಯೂ ಇದ್ದರು. ನಾನು ಮುಂದಿನ ಬಾಟಲಿ ಎತ್ತಿಕೊಂಡೆ. ಅವಳು ಮುಂದೆ ಓದಲಿಲ್ಲ, ಹೊಲಿಗೆ ಕಲಿತಳು ಎಂದು ಕೋರ್ಸಿನ ಇನ್ನೊಬ್ಬಳು ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಹೇಳಿದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ಕೇಳಿದ್ದರೆ ಹೋಗಬೇಕಾಗುತ್ತಿತ್ತು.

ಫಾರಂಗೆ ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಹಾಕದೆ ಕಳಿಸಿದರೆ ಅಮ್ಮ ಬಿಡಲಿಲ್ಲ ಎಂದು ನನ್ನ ಮೇಲೆ ಹಾಕಿ ಹಗುರವಾಗುತ್ತೀಯ. ಆ ಅನುಕೂಲ ನಿನಗೆ ಬೇಡ. ಕಾರಣದ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ನೀನೇ ತುಂಬಬೇಕು. ತುಂಬುವ ಮೊದಲು ಒಂದು ದಿನ ಅವಳು ಮೂರನೆಯ ಸಲ ಎಣಿಸುವಾಗ ಪಕ್ಕದಲ್ಲಿ ಕೂತು ನೀನೂ ಎಣಿಸು. ಆಮೇಲೂ ಕೊಡಬೇಕೆನಿಸಿದರೆ ಕೊಡು, ನಾನು ಏನೂ ಅನ್ನುವುದಿಲ್ಲ. ಮತ್ತೆ, ಅವಳಿಗೆ ಹೆಸರಿದೆಯಲ್ಲ, ಮುಂದಿನ ಕಾಗದದಲ್ಲಿ ಅದನ್ನು ಬರೆ.

ಸರಿಯಾಗಿ ತಿನ್ನು. ತಣ್ಣಗಿದ್ದರೂ ತಿನ್ನು.

ನಿನ್ನ
ಅಮ್ಮ

ಮರೆತಿದ್ದು: ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಇನ್ನೊಂದು ಸಲ ಓದಿದೆ. ಒಂದು ಸಾಲು ನಿಲ್ಲುತ್ತಿಲ್ಲ. ಎಂದಿನ ಅಭ್ಯಾಸದಂತೆ ಹೆಸರು ಹಾಕಿದೆ ಎಂದು ಬರೆದಿದ್ದೇನೆ. ಅದು ಸುಳ್ಳು. ಅವಳು ಸಹಿ ಹಾಕಿದಾಗ ಎರಡು ಕಾಲಂಗಳೂ ಖಾಲಿ ಇದ್ದವು. ರಿಜಿಸ್ಟರು ಹಿಡಿದು ತರಗತಿಗೆ ಹೋಗುವಾಗ, ಥರ್ಮಾಮೀಟರ್ ನಿನ್ನೆಯೇ ಬಿಚ್ಚಿದ್ದೇವೆ ಎಂದು ರಿಪೇರಿಯವರು ಆಫೀಸಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಐದು ನಿಮಿಷ ಸಮಯವಿತ್ತು. ಓಡಿ ಹೋಗಿ ಪ್ರೊಫೆಸರಿಗೆ ಹೇಳಬಹುದಿತ್ತು. ನಾನು ಕಿಟಕಿಯ ಕಟ್ಟೆಯ ಮೇಲೆ ರಿಜಿಸ್ಟರು ಇಟ್ಟು, ಓದಿದವರು ಎಂಬಲ್ಲಿ ಅವಳ ಹೆಸರನ್ನು ದುಂಡಗೆ ಬರೆದೆ. ಮೇಲೆ ಆ ಸಾಲಿನ ಮೇಲೆ ಒಂದು ಗೆರೆ ಎಳೆದಿದ್ದೇನೆ, ಕೆಳಗಿನದೂ ಓದಲು ಬರುತ್ತದೆ. ನಿನಗೆ ಹೇಳುವಾಗಲೂ ಇಷ್ಟನ್ನು ಮುಚ್ಚಿಟ್ಟುಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ಆ ಗಡಿಯಾರದ ಬೆನ್ನ ಮೇಲೆ ಅಂಟಿಸಿದ ಒಂದು ಚೀಟಿಯಿದೆ, ಅದರಲ್ಲಿ ಅವಳ ಹೆಸರು, ಅವಳ ಮನೆಯ ವಿಳಾಸ ಇದೆ. ಅವಳದೇ ಕೈಬರಹ. ಅದನ್ನು ನೋಡಿ ನನಗೆ ಬರೆದು ಕಳಿಸು. ಅದು ನನಗೆ ಇಷ್ಟು ವರ್ಷವೂ ಬಾಯಿಪಾಠ ಇತ್ತು. ಆದರೂ ಒಂದಕ್ಷರ ತಪ್ಪಬಾರದು, ಎರಡೆರಡು ಸಲ ನೋಡಿ ಬರೆ.