ಪಕ್ಕದ ಸೀಟಿನ ಕರವಸ್ತ್ರ

ಅಕ್ಕಾ,

ಕೆಮ್ಮು ನಿಂತಿದೆ, ಊಟವೂ ಸೇರುತ್ತಿದೆ, ಅಮ್ಮನಿಗೆ ಹೇಳು. ಇಲ್ಲಿ ಬಂದರಿನ ಕಟ್ಟೆಯಲ್ಲೇ ಬಸ್ಸು, ರೈಲು, ದೋಣಿ ಮೂರೂ ಸೇರುತ್ತವೆ. ಜನ ಒಂದರಿಂದ ಇಳಿದು ಇನ್ನೊಂದಕ್ಕೆ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಿನ್ನೆ ಕೆಲಸ ಮುಗಿಸಿ ನಾನೂ ನುಗ್ಗಿ ದೋಣಿಯಲ್ಲಿ ಸೀಟು ಹಿಡಿದೆ. ಹಾಳು ಅಭ್ಯಾಸ ನೋಡು, ಪಕ್ಕದ ಸೀಟಿಗೆ ನಿನಗೆಂದು ಕರವಸ್ತ್ರ ಹಾಕಿಬಿಟ್ಟಿದ್ದೆ!

"ಯಾರಾದ್ರೂ ಬರ್ತಾರೇನಮ್ಮಾ?" ಎಂದು ಒಬ್ಬರು ಅಜ್ಜಿ ಕೇಳಿದರು. ನಾಚಿಕೆಯಾಗಿ, "ನಮ್ಮಕ್ಕ ಬರ್ತಾಳೆ" ಎಂದುಬಿಟ್ಟೆ. ಅಜ್ಜಿ ತಕ್ಷಣ ದೋಣಿಯವನಿಗೆ ಕೂಗಿದರು: "ತಡಿಯಪ್ಪಾ, ಈ ಹುಡುಗಿ ಅಕ್ಕ ಬರ್ಬೇಕು!"

ಹಗ್ಗ ಬಿಚ್ಚುತ್ತಿದ್ದವನು ಕೈ ತಡೆದ. ದೋಣಿಯ ಜನವೆಲ್ಲ ಕಟ್ಟೆಯ ಕಡೆ ತಿರುಗಿದರು. ನಾನೂ ತಿರುಗಿ ನೋಡಿದೆ ಕಣೇ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ